ಸಂಪಾದಕರ ಉತ್ತರ: ಬರ್ಮಾದಲ್ಲಿ ಮಡಿದ ಮಾಸ್ತರ

ಮಾನ್ಯರೇ,

ಎರಡನೇ ಮಹಾಯುದ್ಧದ ಕಾಲದಲ್ಲಿ ಮಡಿದ ವೇಲ್ಸಿನ ಕವಿ ಅಲುನ್ ಲೂಯಿಸ್ ಕುರಿತು ಕಳೆದ ಸಂಚಿಕೆಯಲ್ಲಿ ಬಂದ ಲೇಖನ ನಿಮ್ಮನ್ನು ನೋಯಿಸಿದೆ. ‘ನಮ್ಮವರು ಜೈಲಿನಲ್ಲಿದ್ದಾಗ ಬ್ರಿಟಿಷರ ಸಮವಸ್ತ್ರ ತೊಟ್ಟು ಬಂದವನಿಗೆ ಎರಡು ಪುಟ. ನನಗೆ ಪಾಠ ಹೇಳಿದ ಕಯ್ಯಾರ ಕಿಞ್ಞಣ್ಣ ರೈಗಳಿಗೆ ಎಷ್ಟು ಪುಟ? ಅಷ್ಟಕ್ಕೂ ಅವನು ಶತ್ರುವಿನ ಗುಂಡಿಗೆ ಬಿದ್ದವನೂ ಅಲ್ಲ’ ಎಂದು ಉಡುಪಿಯಿಂದ ಬರೆದಿದ್ದೀರಿ.

ನೀವು ಕಯ್ಯಾರರ ಹೆಸರೆತ್ತಿದ್ದು ಒಳ್ಳೆಯದೇ ಆಯಿತು. ಅವರು ಹುಟ್ಟಿದ್ದು 1915ರ ಜೂನ್ 8ರಂದು, ಲೂಯಿಸ್ ಅದೇ ವರ್ಷ ಜುಲೈ 1ರಂದು. ಇಬ್ಬರೂ ಮಾಸ್ತರರು, ಇಬ್ಬರೂ ಕವಿಗಳು. ಒಬ್ಬರು ಪೆರಡಾಲದ ಶಾಲೆಯಲ್ಲಿ ಕಲಿಸಿ, ಸ್ವಾತಂತ್ರ್ಯಕ್ಕಾಗಿ ಹೋರಾಡಿ, ಕಾಸರಗೋಡಿಗಾಗಿ ದನಿಯೆತ್ತಿ, ನೂರು ತುಂಬಿಸಿ 2015ರಲ್ಲಿ ಕಣ್ಮುಚ್ಚಿದರು. ಇನ್ನೊಬ್ಬನಿಗೆ ದಕ್ಕಿದ್ದು 28 ವರ್ಷ. ಹುಟ್ಟಿದ್ದು ವೇಲ್ಸಿನ ಕಲ್ಲಿದ್ದಲು ಗಣಿಗಳ ಕಣಿವೆಯಲ್ಲಿ, ತಂದೆಯೂ ಶಾಲಾ ಶಿಕ್ಷಕ. ಪೆಂಗಮ್ ಎಂಬ ಊರಿನ ಶಾಲೆಯಲ್ಲಿ ಪಾಠ ಹೇಳಲು ತೊಡಗಿ ಎರಡು ವರ್ಷವಾಗುವಷ್ಟರಲ್ಲಿ, 1940ರಲ್ಲಿ, ಸೇನೆ ಸೇರಿದ. ಯುದ್ಧವೆಂದರೆ ಮನಸ್ಸೊಪ್ಪದ ಹುಡುಗ ಅವನು. ಮರುವರ್ಷ ಮದುವೆಯಾದ. ಹೆಂಡತಿಯೂ ಶಿಕ್ಷಕಿ.

ಸಮವಸ್ತ್ರದ ಮಾತು ನಿಜ, ಅದನ್ನು ಮರೆಸುವ ಇರಾದೆ ನನಗಿಲ್ಲ. ಆದರೆ 1942ರ ಕೊನೆಗೆ ಇಲ್ಲಿಗೆ ಬಂದಿಳಿದ ಆ ಅಧಿಕಾರಿ ಕಂಡದ್ದೇನು ಎಂಬುದು ನನಗೆ ಮುಖ್ಯ. ಫುಟ್‌ಬಾಲ್ ಆಡುವಾಗ ದವಡೆ ಮುರಿದುಕೊಂಡು ಪುಣೆಯ ಸೇನಾ ಆಸ್ಪತ್ರೆ ಸೇರಿದ. ಮರಾಠ ಘಟ್ಟಗಳ ಬಗ್ಗೆ ಒಂದು ಪದ್ಯ ಬರೆದ. ಅದರಲ್ಲಿ ಸಾಮ್ರಾಜ್ಯದ ಹೊಗಳಿಕೆ ಒಂದು ಸಾಲೂ ಇಲ್ಲ. ಇರುವುದು ಬಿಸಿಲಿಗೆ ಬಿರಿದ ನೆಲ, ಹಸಿದ ರೈತ. ಕೊನೆಯಲ್ಲಿ ಭಿಕ್ಷುಕನನ್ನೂ ತನ್ನಂಥ ನೆಲವಿಲ್ಲದ ಸೈನಿಕನನ್ನೂ ಅಕ್ಕಪಕ್ಕ ನಿಲ್ಲಿಸುತ್ತಾನೆ. ಬಂಗಾಳದಲ್ಲಿ ಜನ ಅನ್ನವಿಲ್ಲದೆ ಸಾಯುತ್ತಿದ್ದ ಆ ವರ್ಷಗಳಲ್ಲಿ ಆಳುವವರ ಪಾಳೆಯದಿಂದ ಒಬ್ಬನಾದರೂ ಹೀಗೆ ನೋಡಿದನಲ್ಲ, ಅದಕ್ಕಾಗಿಯೇ ಆ ಎರಡು ಪುಟ.

ಇನ್ನು ಅವನ ಸಾವು. 1944ರ ಮಾರ್ಚ್ 5ರಂದು, ಬರ್ಮಾದ ಅರಾಕಾನಿನಲ್ಲಿ, ಮುಂಜಾನೆ ಮುಖಕ್ಷೌರ ಮುಗಿಸಿದ ಬಳಿಕ ತಲೆಗೆ ಗುಂಡು ತಗುಲಿ ಬಿದ್ದಿದ್ದ. ಕೈಯಲ್ಲಿದ್ದುದು ಅವನದೇ ರಿವಾಲ್ವರ್. ಕೆಲವು ಗಂಟೆಗಳ ಅನಂತರ ಪ್ರಾಣ ಹೋಯಿತು. ಸೇನೆಯ ವಿಚಾರಣೆ ಆಕಸ್ಮಿಕ ಎಂದಿತು. ಆತ್ಮಹತ್ಯೆ ಎನ್ನುವವರೂ ಬಹಳ ಮಂದಿ ಇದ್ದಾರೆ. ನನ್ನ ಮಟ್ಟಿಗೆ ಎರಡೂ ಯುದ್ಧದ ಸಾವೇ. ಸೀಮೆಸುಣ್ಣ ಹಿಡಿಯುತ್ತಿದ್ದ ಕೈಗೆ ರಿವಾಲ್ವರ್ ಕೊಟ್ಟು, ಪೆಂಗಮ್ಮಿನ ತರಗತಿಯಿಂದ ಆ ಕಾಡಿನವರೆಗೆ ಕರೆತಂದದ್ದು ಯುದ್ಧವಲ್ಲದೆ ಇನ್ನೇನು? ಗುಂಡು ಯಾರದೆಂದು ನೋಡಿ ಸತ್ತವರನ್ನು ವಿಂಗಡಿಸುವುದು ನನ್ನಿಂದಾಗದು.

ಯಾಂಗೊನ್ ಬಳಿಯ ತೌಕ್ಯಾನ್ ಯುದ್ಧ ಸ್ಮಶಾನದಲ್ಲಿ ಅವನ ಸಮಾಧಿಯಿದೆ. ಅಲ್ಲಿಯೇ, ಗೋರಿಯೂ ಸಿಗದ ಸುಮಾರು 27,000 ಸೈನಿಕರ ಹೆಸರುಗಳನ್ನು ಕಲ್ಲುಕಂಬಗಳ ಮೇಲೆ ಕೆತ್ತಿದ್ದಾರೆ. ಅವರಲ್ಲಿ ಬಹುಪಾಲು ನಮ್ಮ ದೇಶದವರು. ‘ನಮ್ಮವರು’ ಎನ್ನುವಾಗ ಅವರೂ ನೆನಪಾಗಬೇಕು ಎಂಬುದು ನನ್ನ ಆಸೆ. ಸಂಬಳಕ್ಕಾಗಿ ಅದೇ ಸಮವಸ್ತ್ರ ತೊಟ್ಟವರು ಅವರು, ಅವರ ಪರವಾಗಿ ಪದ್ಯ ಬರೆಯುವವರೂ ಇರಲಿಲ್ಲ.

ಕಯ್ಯಾರರ ತರಗತಿಯಲ್ಲಿ ಕುಳಿತವರು ನೀವು. ಅವರು ಪದ್ಯವನ್ನು ಹೇಗೆ ಓದುತ್ತಿದ್ದರು, ತಪ್ಪಿದವರನ್ನು ಹೇಗೆ ತಿದ್ದುತ್ತಿದ್ದರು ಎಂಬುದನ್ನು ನಿಮ್ಮ ಕೈಯಿಂದಲೇ ಬರೆಯಿರಿ. ಪುಟಗಳ ಲೆಕ್ಕ ಹಾಕುವುದು ಬೇಡ, ನೆನಪಾದಷ್ಟೂ ಬರೆದು ಮುಂದಿನ ಸಂಚಿಕೆಗೆ ಕಳುಹಿಸಿ.

– ಸಂಪಾದಕ, ಮಂಗಳೂರು