ಮನೆ ದುರಸ್ತಿ ಪ್ರಶ್ನೋತ್ತರ: ಶವರ್ ಗೋಡೆಯ ಟೈಲ್ಸ್‌ಗೆ ಬಣ್ಣ ಹಿಡಿಯುತ್ತದೆಯೇ?

ಪ್ರಶ್ನೆ: ಶವರ್ ಇರುವ ಮೂಲೆಯ ಮೂರೂ ಗೋಡೆಗೆ ಹಳೆಯ ಕಂದು ಸೆರಾಮಿಕ್ ಟೈಲ್ಸ್ ಇದೆ. ಒಡೆಸಿ ಹೊಸದು ಹಾಕಿಸುವಷ್ಟು ಹಣ ಸದ್ಯಕ್ಕಿಲ್ಲ. ಮೇಲೆ ಪೇಂಟ್ ಹೊಡೆಸಿದರೆ ನಿಲ್ಲುತ್ತದೆಯೇ? — ಓದುಗರೊಬ್ಬರು, ತುಮಕೂರು

ಉತ್ತರ: ನಿಲ್ಲುತ್ತದೆ, ಆದರೆ ಎಲ್ಲ ಗೋಡೆಯ ಮೇಲೂ ಅಲ್ಲ. ಬಣ್ಣ ಕೊಳ್ಳುವ ಮೊದಲು ಒಂದು ನಾಣ್ಯ ಹಿಡಿದು ಪ್ರತಿ ಟೈಲ್ಸನ್ನೂ ತಟ್ಟಿ ನೋಡಿ. ಪೊಳ್ಳು ಸದ್ದು ಬಂದರೆ ಅದು ಗೋಡೆಯಿಂದ ಬಿಟ್ಟಿರಬಹುದು. ಅಕ್ಕಪಕ್ಕದ ಕೋಣೆಯ ಗೋಡೆಯಲ್ಲಿ ತೇವ ಕಾಣುತ್ತಿದ್ದರೆ, ಗೋಡೆಯೊಳಗಿನ ಪೈಪು ಸೋರುತ್ತಿದ್ದರೆ ಮೊದಲು ಅದರ ರಿಪೇರಿ ಆಗಲಿ. ಹಿಂದೆ ನೀರಿರುವ ಟೈಲ್ಸ್ ಮೇಲೆ ಎಂಥ ದುಬಾರಿ ಬಣ್ಣ ಬಳಿದರೂ ಗುಳ್ಳೆ ಏಳುತ್ತದೆ.

ಅಂಗಡಿಯಲ್ಲಿ ಸಾಮಾನ್ಯ ಆಯಿಲ್ ಪೇಂಟ್ ಕೊಟ್ಟರೆ ತರಬೇಡಿ. ಸಂದಿನ ಸಿಮೆಂಟಿನಲ್ಲಿ ಕ್ಷಾರವಿರುತ್ತದೆ. ನೀರು ಸೇರಿದಾಗ ಅದು ಎಣ್ಣೆ ಬಣ್ಣವನ್ನು ಮೆತ್ತಗೆ ಮಾಡಿ ಸಂದಿನ ಉದ್ದಕ್ಕೂ ಬಿಡಿಸುತ್ತದೆ. ನಿಮಗೆ ಬೇಕಾದದ್ದು ಬೇಸ್ ಮತ್ತು ಹಾರ್ಡ್‌ನರ್ ಎಂದು ಎರಡು ಡಬ್ಬಗಳಲ್ಲಿ ಬರುವ ಎಪಾಕ್ಸಿ. ಅದು ಸೆರಾಮಿಕ್ ಟೈಲ್ಸ್‌ಗೂ ನೀರು ಬೀಳುವ ಜಾಗಕ್ಕೂ ಆಗುತ್ತದೆಂದು ಡಬ್ಬದ ಮೇಲೆ ಬರೆದಿರಬೇಕು. ಪ್ರೈಮರ್ ಬೇಕೆಂದಿದ್ದರೆ ಅದೇ ಕಂಪನಿಯದನ್ನೇ ಕೊಳ್ಳಿ. ಮೂರು ಅಡಿ ಅಗಲ, ಏಳು ಅಡಿ ಎತ್ತರದ ಮೂರು ಗೋಡೆ ಎಂದರೆ 63 ಚದರ ಅಡಿ. ಎರಡು ಕೋಟ್‌ಗೆ 126. ಲೀಟರಿಗೆ 90 ಚದರ ಅಡಿ ಬರುವ ಬಣ್ಣವಾದರೆ ಒಂದೂವರೆ ಲೀಟರ್ ಸಾಕು.

ಮುಕ್ಕಾಲು ಪಾಲು ಕೆಲಸ ಬಣ್ಣದ ಡಬ್ಬ ತೆರೆಯುವ ಮೊದಲೇ ಇದೆ. ಮೂಲೆಗಳಲ್ಲೂ ನಲ್ಲಿಯ ಸುತ್ತಲೂ ನೀರು ಇಳಿಯದಂತೆ ತುಂಬಿರುವ ರಬ್ಬರಿನಂಥ ಹಳೆಯ ಸಿಲಿಕೋನನ್ನು ಬ್ಲೇಡಿನಿಂದ ಪೂರ್ತಿ ಕೆರೆದು ತೆಗೆಯಿರಿ, ಅದರ ಮೇಲೆ ಯಾವ ಬಣ್ಣವೂ ಕೂರುವುದಿಲ್ಲ. ಬೋರ್‌ವೆಲ್ ನೀರಿನ ಬಿಳಿ ಕರೆಗೆ ಲೀಟರ್ ನೀರಿಗೆ 50 ಗ್ರಾಂ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಕರಗಿಸಿ ಹಚ್ಚಿ, ಹತ್ತು ನಿಮಿಷ ಬಿಟ್ಟು ಉಜ್ಜಿ ತೊಳೆಯಿರಿ. ಬಾತ್‌ರೂಮ್ ಆಸಿಡ್ ಬೇಡ, ಅದು ಸಂದಿನ ಸಿಮೆಂಟನ್ನೇ ತಿನ್ನುತ್ತದೆ. ಆಸಿಡ್ ಜತೆ ಬ್ಲೀಚಿಂಗ್ ಪೌಡರ್ ಸೇರಿದರಂತೂ ವಿಷಾನಿಲ ಏಳುತ್ತದೆ. ಆಮೇಲೆ ಸೋಪಿನ ಜಿಡ್ಡು ಹೋಗುವಂತೆ ಡಿಟರ್ಜೆಂಟ್‌ನಿಂದ ಉಜ್ಜಿ ಮತ್ತೆ ತೊಳೆಯಿರಿ. ಎಮರಿ ಹಿಡಿಯುವುದು ಇದಾದ ಮೇಲೆಯೇ. ಜಿಡ್ಡಿರುವಾಗಲೇ ಉಜ್ಜಿದರೆ ಅದು ಗೀರುಗಳೊಳಗೆ ಸೇರಿಕೊಳ್ಳುತ್ತದೆ. 220 ನಂಬರಿನ ಕಪ್ಪು ವಾಟರ್ ಪೇಪರನ್ನು ನೀರಲ್ಲಿ ನೆನೆಸಿಕೊಂಡು, ಟೈಲ್ಸ್‌ನ ಹೊಳಪು ಎಲ್ಲೆಡೆ ಮಂಕಾಗುವವರೆಗೆ ಉಜ್ಜಿ. ಟಾರ್ಚನ್ನು ಗೋಡೆಗೆ ಓರೆಯಾಗಿ ಹಿಡಿದರೆ ಬಿಟ್ಟುಹೋದ ಜಾಗ ಮಿಂಚುತ್ತದೆ. ತೊಳೆದ ಮೇಲೆ ಎರಡು ದಿನ ಅಲ್ಲಿ ಯಾರೂ ಸ್ನಾನ ಮಾಡಬಾರದು, ಸಂದುಗಳು ಒಣಗಬೇಕು. ಬಿದ್ದುಹೋದ ಗ್ರೌಟನ್ನು, ಅಂದರೆ ಸಂದಿನ ಸಿಮೆಂಟನ್ನು, ಹೊಸದಾಗಿ ತುಂಬಿದ್ದರೆ ಅದರ ಪ್ಯಾಕೆಟ್ ಮೇಲೆ ಹೇಳಿದಷ್ಟು ದಿನವೂ ಕಾಯಬೇಕು. ಮಳೆಗಾಲದಲ್ಲಿ ಈ ಕೆಲಸ ಹಿಡಿಯಲೇಬೇಡಿ. ತೇವದ ಗಾಳಿಯಲ್ಲಿ ಎಪಾಕ್ಸಿಯ ಮೇಲೆ ಮೇಣದಂಥ ಪೊರೆ ಕಟ್ಟಿ ಎರಡನೇ ಕೋಟ್ ಹಿಡಿಯುವುದಿಲ್ಲ.

ಬಣ್ಣ ಹೊಡೆಯುವ ದಿನ ಗ್ಯಾಸ್ ಗೀಸರ್ ಇದ್ದರೆ ಸಿಲಿಂಡರಿನ ವಾಲ್ವನ್ನೇ ಮುಚ್ಚಿ. ಥಿನ್ನರ್ ಆವಿಗೆ ಒಂದು ಕಿಡಿ ತಗುಲಿದರೂ ಸಾಕು, ಬೆಂಕಿ. ಕಿಟಕಿ, ಬಾಗಿಲು ಎರಡೂ ತೆರೆದಿರಲಿ. ಬಟ್ಟೆಯ ಮಾಸ್ಕ್ ಈ ಆವಿಯನ್ನು ತಡೆಯದು, ಆವಿಗೆಂದೇ ಇರುವ ಕಾರ್ಟ್ರಿಜ್ ಮಾಸ್ಕ್ ಹಾಕಿ. ಬೇಸ್ ಮತ್ತು ಹಾರ್ಡ್‌ನರನ್ನು ಡಬ್ಬದಲ್ಲಿ ಹೇಳಿದ ಪ್ರಮಾಣದಲ್ಲೇ ಅಳೆದು, ತಳ ಮತ್ತು ಅಂಚು ಕೆರೆಯುತ್ತ ಮೂರು ನಿಮಿಷ ಕಲಸಿ. ಬೇಗ ಒಣಗಲೆಂದು ಹಾರ್ಡ್‌ನರ್ ಹೆಚ್ಚು ಹಾಕುವವರಿದ್ದಾರೆ. ಹಾಗೆ ಮಾಡಿದ ಪದರ ಸರಿಯಾಗಿ ಗಟ್ಟಿಯಾಗದೆ ಅಂಟಂಟಾಗಿಯೋ ಪೆಡಸಾಗಿಯೋ ಉಳಿಯುತ್ತದೆ. ಸೆಖೆಯಿದ್ದಷ್ಟೂ ಕಲಸಿದ ಬಣ್ಣ ಬೇಗ ಗಟ್ಟಿಯಾಗುವುದರಿಂದ ಒಮ್ಮೆಗೆ ಒಂದು ಗೋಡೆಗೆ ಬೇಕಾದಷ್ಟೇ ಕಲಸಿಕೊಳ್ಳಿ. ಸಂದುಗಳಿಗೆ ಬ್ರಷ್, ಉಳಿದ ಜಾಗಕ್ಕೆ ನಾಲ್ಕಿಂಚಿನ ಗಿಡ್ಡ ಜುಂಗಿನ ರೋಲರ್. ಎರಡು ತೆಳು ಕೋಟ್ ಹೊಡೆಯಿರಿ. ದಪ್ಪ ಹೊಡೆದರೆ ಕೆಳಗಿಳಿದು ಗೆರೆ ಬೀಳುತ್ತದೆ. ಎರಡನೆಯದನ್ನು ಡಬ್ಬದಲ್ಲಿ ಹೇಳಿದ ಅವಧಿಯೊಳಗೇ ಮುಗಿಸಿ. ತಡವಾದರೆ ಮತ್ತೆ ಹಗುರವಾಗಿ ಎಮರಿ ಹೊಡೆಯಬೇಕು.

ಮರುದಿನ ಮುಟ್ಟಿದರೆ ಒಣಗಿದೆ ಅನ್ನಿಸುತ್ತದೆ, ಅದನ್ನು ನಂಬಿ ಶವರ್ ತೆರೆಯಬೇಡಿ. ಏಳು ದಿನ ಬಿಡಿ, ಚಳಿಗಾಲವಾದರೆ ಇನ್ನೂ ಹೆಚ್ಚು. ಹೊಸ ಸಿಲಿಕೋನ್ ಅದಾದ ಮೇಲೆ. ಮುಂದೆ ತೊಳೆಯುವಾಗ ಮೆತ್ತನೆಯ ಬಟ್ಟೆ ಮತ್ತು ಸೋಪಿನ ನೀರು ಸಾಕು, ಸ್ಟೀಲ್ ಜುಂಗು ಮುಟ್ಟಿಸಬೇಡಿ.

ಪ್ರಶ್ನೆ: ಬಚ್ಚಲಿನ ನೆಲದ ಟೈಲ್ಸ್‌ಗೂ ಇದೇ ಬಣ್ಣ ಹೊಡೆಯಬಹುದೇ? — ಓದುಗರೊಬ್ಬರು, ಶಿರಸಿ

ಉತ್ತರ: ಬೇಡ. ಬಕೆಟ್ ಎಳೆದಾಡುವ ಜಾಗದಲ್ಲಿ ಬೇಗ ಸವೆಯುತ್ತದೆ, ನುಣ್ಣನೆಯ ಎಪಾಕ್ಸಿ ಒದ್ದೆಯಾದಾಗ ಕಾಲು ಜಾರುತ್ತದೆ. ಮನೆಯಲ್ಲಿ ವಯಸ್ಸಾದವರಿದ್ದರಂತೂ ಆ ಯೋಚನೆಯನ್ನೇ ಬಿಡಿ.

ಪ್ರಶ್ನೆ: ಹೋದ ವರ್ಷ ಹೊಡೆಸಿದ ಎಪಾಕ್ಸಿ ಅಲ್ಲಲ್ಲಿ ಏಳುತ್ತಿದೆ. ಅದರ ಮೇಲೆಯೇ ಇನ್ನೊಂದು ಕೋಟ್ ಸಾಕೇ? — ಓದುಗರೊಬ್ಬರು, ಮೈಸೂರು

ಉತ್ತರ: ಸಾಲದು. ಹೊಸ ಕೋಟ್‌ನ ಹಿಡಿತ ಅದರ ಕೆಳಗಿನ ಸಡಿಲ ಪದರದಷ್ಟೇ. ಎದ್ದ ಒಂದು ಚೂರನ್ನು ಕಿತ್ತು ಹಿಂಬದಿ ನೋಡಿ. ಗಾಜಿನಂತೆ ನುಣುಪಾಗಿದ್ದರೆ ಎಮರಿ ಹೊಡೆದಿಲ್ಲ. ಗುಳ್ಳೆ ಒಡೆದಾಗ ನೀರು ಬಂದರೆ ಹಿಂದಿನಿಂದ ತೇವ ಬರುತ್ತಿದೆ. ಮೂಲೆಗಳಲ್ಲಿ ಮಾತ್ರ ಬಿಟ್ಟಿದ್ದರೆ ಹಳೆಯ ಸಿಲಿಕೋನ್ ಉಳಿದಿದೆ. ಮೊದಲನೆಯ ತೊಂದರೆಗೆ ಎಲ್ಲವನ್ನೂ ಕೆರೆದು ಮತ್ತೆ ಮೊದಲಿನಿಂದ ಶುರುಮಾಡಬೇಕು. ಎರಡನೆಯದಕ್ಕೆ ಪೇಂಟರ್‌ಗಿಂತ ಮೊದಲು ಪ್ಲಂಬರನ್ನು ಕರೆಸಿ. ಮೂರನೆಯದಾದರೆ ಆ ಮೂಲೆಗಳನ್ನಷ್ಟೇ ಗಟ್ಟಿ ಅಂಚು ಸಿಗುವವರೆಗೆ ಕೆರೆದು, ಎಮರಿ ಹೊಡೆದು, ಎರಡು ಕೋಟ್ ಬಳಿದರೆ ಸಾಕು.