ಆ ಬ್ಯಾನರ್‌ಗೆ ಬೇಡ ಅನ್ನಿ

ಪ್ರಶ್ನೆ: ಆರೋಗ್ಯ ಮತ್ತು ಲೈಫ್‌ಸ್ಟೈಲ್ ಪತ್ರಿಕೆ ನಡೆಸುವ ಕಂಪನಿಯಲ್ಲಿ ನನಗೆ ಈವೆಂಟ್ ಸೇಲ್ಸ್ ಕೆಲಸ. ನವೆಂಬರ್‌ನಲ್ಲಿ ಮಂಗಳೂರಿನಲ್ಲಿ ಆರೋಗ್ಯ ಮೇಳ ಇದೆ. ಅರ್ಧದಷ್ಟು ಸ್ಟಾಲ್ ಇನ್ನೂ ಖಾಲಿ. ಒಬ್ಬರು ಮುಖ್ಯ ಪ್ರಾಯೋಜಕರಾಗಲು ತಯಾರಿದ್ದಾರೆ, ಆದರೆ ‘ನಮ್ಮ ಪುಡಿಯಿಂದ ಶುಗರ್ ಪೂರ್ತಿ ವಾಸಿ’ ಅಂತ ಬ್ಯಾನರ್ ಕಟ್ಟುತ್ತಾರಂತೆ. ಬಾಸ್ ‘ಟಾರ್ಗೆಟ್ ನೋಡಿ’ ಅಂತಾರೆ. ಏನು ಮಾಡಲಿ?
– ಹೆಸರು ಬೇಡ, ಕದ್ರಿ

ಉತ್ತರ: ಬೇಡ ಅನ್ನಿ. ನಾನೂ ಇದೇ ಊರಿನಲ್ಲಿ ಸ್ಟಾಲ್ ಮಾರಿದವಳು. ಟಾರ್ಗೆಟ್ ತಲೆ ಮೇಲೆ ಕೂತಾಗ ಈ ಮಾತು ಎಷ್ಟು ಭಾರ ಅಂತ ಗೊತ್ತು.

ನಿಮ್ಮ ಮೇಳಕ್ಕೆ ಬರುವವರನ್ನು ನೋಡಿದ್ದೀರಲ್ವಾ? ಉಪ್ಪಿನಂಗಡಿ ಕಡೆಯಿಂದ ಬಸ್ ಹತ್ತಿ ಸ್ಟೇಟ್‌ಬ್ಯಾಂಕ್ ಬಸ್ ಸ್ಟ್ಯಾಂಡಿನಲ್ಲಿ ಇಳಿದು ಬರುವ ಅಜ್ಜ. ಕೈಯಲ್ಲಿ ಜವಳಿ ಅಂಗಡಿಯ ಪ್ಲಾಸ್ಟಿಕ್ ಕವರ್, ಅದರೊಳಗೆ ನಾಲ್ಕು ಮಡಿಕೆಯ ಲ್ಯಾಬ್ ರಿಪೋರ್ಟ್. ಪತ್ರಿಕೆಯವರೇ ಕರೆದಿದ್ದಾರೆ ಅಂತ ನಂಬಿ ಬಂದವರು. ಆ ಬ್ಯಾನರ್ ಓದಿ ಮನೆಗೆ ಹೋಗಿ ಮಾತ್ರೆ ನಿಲ್ಲಿಸಿದರೆ? ಇನ್ಸುಲಿನ್ ನಿಲ್ಲಿಸಿದರೆ? ಜೀವಕ್ಕೇ ಅಪಾಯ.

ಬಾಸ್ ಜೊತೆ ಬಾಯಿಮಾತಿನಲ್ಲಿ ಜಗಳ ಬೇಡ, ಮೇಲ್ ಹಾಕಿ. 1954ರ ಡ್ರಗ್ಸ್ ಅಂಡ್ ಮ್ಯಾಜಿಕ್ ರೆಮಿಡೀಸ್ ಕಾಯ್ದೆ ಇದೆ. ಅದರ ಪಟ್ಟಿಯಲ್ಲಿರುವ ಕಾಯಿಲೆಗಳನ್ನು ವಾಸಿ ಮಾಡುತ್ತೇವೆ ಅಂತ ಔಷಧದ ಜಾಹೀರಾತು ಕೊಡುವಂತಿಲ್ಲ. ಸಕ್ಕರೆ ಕಾಯಿಲೆ ಆ ಪಟ್ಟಿಯಲ್ಲಿದೆ. ಕರಪತ್ರ ಮಾತ್ರ ಅಲ್ಲ, ಮೈಕಿನಲ್ಲಿ ಕೂಗಿ ಹೇಳಿದರೂ ಜಾಹೀರಾತೇ. ಪ್ರಕಟಿಸುವುದರಲ್ಲಿ ಪಾಲು ತಗೊಂಡವರಿಗೂ ಅದು ಅನ್ವಯಿಸುತ್ತದೆ, ಅಂದರೆ ನಿಮ್ಮ ಕಂಪನಿಗೂ. ಮೊದಲ ಸಲವೇ 6 ತಿಂಗಳವರೆಗೆ ಜೈಲಾಗಬಹುದು. ‘ಇದು ಔಷಧ ಅಲ್ಲ, ಆಹಾರ’ ಅಂದರೂ ತಪ್ಪಿಸಿಕೊಳ್ಳಲಾಗದು, ಆಹಾರದ ಜಾಹೀರಾತಿನಲ್ಲಿ ರೋಗ ವಾಸಿಯಾಗುತ್ತದೆ ಅನ್ನುವುದಕ್ಕೆ ಆಹಾರ ಸುರಕ್ಷತಾ ಪ್ರಾಧಿಕಾರದ 2018ರ ನಿಯಮಗಳೂ ಅಡ್ಡ ಬರುತ್ತವೆ. (ಆಯುರ್ವೇದದ ಮೇಲೆ ನನಗೆ ಸಿಟ್ಟಿಲ್ಲ. ಉಡುಪಿಯ ಕುತ್ಪಾಡಿಯಲ್ಲೇ ಒಳ್ಳೆಯ ಆಯುರ್ವೇದ ಕಾಲೇಜಿದೆ, ಅಲ್ಲಿನ ವೈದ್ಯರನ್ನು ಮಾತಾಡಲು ಕರೆಯಿರಿ.)

ಸರಿ, ಖಾಲಿ ಸ್ಟಾಲ್? ಗೋಲ್ಡ್, ಪ್ಲಾಟಿನಂ ಅಂತ ಪ್ಯಾಕೇಜ್ ಪಟ್ಟಿ ಕಳಿಸಿ ಕಾಯಬೇಡಿ. ಅದನ್ನು ಯಾರೂ ಓದುವುದಿಲ್ಲ. ನವೆಂಬರ್ 14 ವಿಶ್ವ ಮಧುಮೇಹ ದಿನ. ಅದನ್ನು ಹಿಡಿದು ಒಂದು ‘ಪಾದ ಪರೀಕ್ಷೆ ಮೂಲೆ’ ಮಾರಿ. ಶುಗರ್ ಇರುವವರ ಪಾದದಲ್ಲಿ ಸ್ಪರ್ಶಜ್ಞಾನ ಇದೆಯಾ ಅಂತ ನೋಡಲು 10 ಗ್ರಾಂ ಒತ್ತಡದ ನೈಲಾನ್ ಎಳೆ ಸಾಕು. ಕಣ್ಣು ಮುಚ್ಚಿ ಕೂತವರ ಕಾಲಿನ ಹೆಬ್ಬೆರಳಿಗೆ ಅದನ್ನು ಬಾಗುವಷ್ಟು ಒತ್ತುತ್ತಾರೆ, ‘ಗೊತ್ತಾಯ್ತಾ?’ ಅಂತ ಕೇಳುತ್ತಾರೆ. ಗೊತ್ತಾಗದಿದ್ದರೆ ಡಾಕ್ಟರ ಹತ್ತಿರ ಹೋಗಲೇಬೇಕು. ಇದು ಬೇಗ ಮುಗಿಯುತ್ತದೆ, ಜನ ಸಾಲು ನಿಲ್ಲುತ್ತಾರೆ, ಮೇಲೆ ಪ್ರಾಯೋಜಕರ ಹೆಸರಿರುತ್ತದೆ. ಆಸ್ಪತ್ರೆಯವರಿಗೂ ಮೆತ್ತನೆ ಚಪ್ಪಲಿ ಮಾಡುವವರಿಗೂ ಇದರಲ್ಲಿ ಆಸಕ್ತಿ ಇರುತ್ತದೆ. ಪಕ್ಕದಲ್ಲೇ ಕಣ್ಣಿನ ರೆಟಿನಾ ನೋಡುವವರು, ಲ್ಯಾಬ್‌ನವರು ಬರಲಿ.

ನಾಳೆಯೇ ಆಸ್ಪತ್ರೆಗಳಿರುವ ಕಂಕನಾಡಿ ಕಡೆಯಿಂದ ಶುರು ಮಾಡಿ. ಬೆಳಿಗ್ಗೆ ಹೋಗಬೇಡಿ, ಒಪಿಡಿ ಗಲಾಟೆ ಇಳಿದ ಮೇಲೆ, ಮಧ್ಯಾಹ್ನ ಮೂರರ ನಂತರ ಹೋಗಿ. ಆ ನೈಲಾನ್ ಎಳೆ ಒಂದು ಬ್ಯಾಗಿನಲ್ಲಿರಲಿ, ಎದುರು ಕೂತವರ ಕೈ ಮೇಲೆ ಒತ್ತಿ ತೋರಿಸಿ, ಆಮೇಲೆ ರೇಟ್ ಹೇಳಿ.