ಡ್ರಂಕ್ ಅಂಡ್ ಡ್ರೈವ್ ಕೇಸಿನಲ್ಲಿ ದಂಡ ಕಟ್ಟಿದರೆ ಮುಗಿಯಿತಾ? ವೀಸಾಗೆ ತೊಂದರೆ ಆಗುತ್ತಾ?

ಬೆಂಗಳೂರಿನಲ್ಲಿ ರಾತ್ರಿ ಬೈಕ್ ಓಡಿಸುವಾಗ ಸಿಕ್ಕಿಬಿದ್ದೆ, "ಕೋರ್ಟಿನಲ್ಲಿ ಹತ್ತು ಸಾವಿರ ಕಟ್ಟಿದರೆ ಆಯ್ತು" ಅಂತ ಎಲ್ಲರೂ ಹೇಳುತ್ತಿದ್ದಾರೆ, ಮುಂದಿನ ವರ್ಷ ಅಮೆರಿಕಕ್ಕೆ ಹೋಗಬೇಕು ಅಂತ ಬರೆದಿದ್ದೀರಿ. ದುಡ್ಡಿನ ಲೆಕ್ಕ ಮುಗಿಯುತ್ತದೆ, ದಾಖಲೆ ಮುಗಿಯುವುದಿಲ್ಲ. ನಾನು ವಕೀಲನಲ್ಲ, ನಮ್ಮ ಭಾವನ ಜೊತೆ ಇದೇ ಕೆಲಸಕ್ಕೆ ಓಡಾಡಿದವನು.

ಅವರಿಗೆ ಮೆಷಿನ್‌ನಲ್ಲಿ 62 ಬಂದಿತ್ತು. ಕಾನೂನಿನ ಮಿತಿ 100 ಮಿ.ಲೀ. ರಕ್ತಕ್ಕೆ 30 ಮಿ.ಗ್ರಾಂ. ಗಾಡಿ ಸ್ಟೇಷನ್ನಿನಲ್ಲೇ ಉಳಿಯಿತು. ಕೋರ್ಟಿನಲ್ಲಿ ಬೆಳಿಗ್ಗೆಯಿಂದ ಕಾದು, ಹೆಸರು ಕೂಗಿದಾಗ ಮುಂದೆ ಹೋದರು. "ಕುಡಿದು ಗಾಡಿ ಓಡಿಸಿದ್ದು ನಿಜವಾ?" "ನಿಜ ಸ್ವಾಮಿ." ಒಂದು ನಿಮಿಷವೂ ಹಿಡಿಯಲಿಲ್ಲ. ದಂಡ ಕಟ್ಟಿ, ರಸೀದಿ ತೋರಿಸಿ ಬೈಕ್ ಬಿಡಿಸಿಕೊಂಡು ಬಂದೆವು. ದಾರಿಯಲ್ಲಿ ಕಾಫಿ ಕುಡಿಯುತ್ತಾ ಭಾವ "ಸುಮ್ನೆ ಹೆದರಿದ್ವಿ ಕಣೋ" ಅಂದರು.

ಆ "ನಿಜ ಸ್ವಾಮಿ" ಇದೆಯಲ್ಲ, ಅದೇ ತಪ್ಪೊಪ್ಪಿಗೆ. ಅದರ ಮೇಲೆ ಕೋರ್ಟ್ ಬರೆಯುವುದು "ಅಪರಾಧಿ" ಅಂತ. ಸಿಗ್ನಲ್ ಜಂಪಿನ ಹಾಗೆ ರಸ್ತೆಯಲ್ಲೇ ಕಟ್ಟಿ ಮುಗಿಸುವ ದಂಡ ಅಲ್ಲ ಇದು. ಮೋಟಾರು ವಾಹನ ಕಾಯ್ದೆಯ 185ನೇ ಕಲಂ ಪ್ರಕಾರ ಮೊದಲ ಸಲ 6 ತಿಂಗಳವರೆಗೆ ಜೈಲು, ಇಲ್ಲವೇ 10,000 ರೂಪಾಯಿ ದಂಡ, ಇಲ್ಲವೇ ಎರಡೂ. ಮತ್ತೆ ಸಿಕ್ಕಿಬಿದ್ದರೆ 2 ವರ್ಷದವರೆಗೆ ಜೈಲು, ಇಲ್ಲವೇ 15,000 ದಂಡ, ಇಲ್ಲವೇ ಎರಡೂ. ಈ ದಂಡದ ಮೊತ್ತ 2019ರ ತಿದ್ದುಪಡಿಯದು, ಅದಕ್ಕೂ ಮೊದಲು ಎರಡು ಸಾವಿರದಲ್ಲಿ ಹೋಗುತ್ತಿತ್ತು. ಡಿಎಲ್ ಆರ್‌ಟಿಒಗೆ ಹೋಗುತ್ತದೆ, ಸಾಮಾನ್ಯವಾಗಿ 3 ತಿಂಗಳಾದರೂ ಅಮಾನತು. ತಪ್ಪೊಪ್ಪಿಕೊಂಡ ಮೇಲೆ ಅಪೀಲಿನ ದಾರಿ ಹೆಚ್ಚೂ ಕಡಿಮೆ ಮುಚ್ಚಿದ ಹಾಗೆ.

ಈಗ ವೀಸಾ. ಅಮೆರಿಕದ ಡಿಎಸ್-160 ಅರ್ಜಿಯಲ್ಲಿ ಯಾವತ್ತಾದರೂ ಬಂಧನ ಆಗಿದೆಯಾ, ಶಿಕ್ಷೆ ಆಗಿದೆಯಾ ಅಂತ ನೇರವಾಗಿ ಕೇಳುತ್ತಾರೆ. ದಂಡ ಕಟ್ಟಿದ್ದರೆ "ಹೌದು" ಅಂತಲೇ ಹಾಕಬೇಕು. ಕುಡಿತದ ಒಂದು ಹಳೇ ಕೇಸಿಗೇ ವೀಸಾ ಹೋಗಿಬಿಡುತ್ತದೆ ಅಂತೇನಿಲ್ಲ. ಐದು ವರ್ಷದೊಳಗಿನದಾದರೆ ಅವರದೇ ಪಟ್ಟಿಯ ಡಾಕ್ಟರ ಹತ್ತಿರ ಕಳಿಸುತ್ತಾರೆ, ತಡವಾಗುತ್ತದೆ. ಆದರೆ "ಇಲ್ಲ" ಅಂತ ಹಾಕಿ ಸಿಕ್ಕಿಬಿದ್ದರೆ ಆ ಸುಳ್ಳಿಗೇ ಬಾಗಿಲು ಕಾಯಂ ಮುಚ್ಚಬಹುದು. ಕೆನಡಾ ಇನ್ನೂ ಬಿಗಿ. ಅಲ್ಲಿ 2018ರ ಡಿಸೆಂಬರಿನಿಂದ ಈ ತಪ್ಪಿಗೆ ಗರಿಷ್ಠ ಶಿಕ್ಷೆ 10 ವರ್ಷ ಜೈಲು, ಹಾಗಾಗಿ ಇದನ್ನು ಗಂಭೀರ ಅಪರಾಧ ಅಂತ ಎಣಿಸಿ ಒಳಗೇ ಬಿಡದಿರಬಹುದು.

ಪಾಸ್‌ಪೋರ್ಟಿನ ಕಥೆ ಉಲ್ಟಾ. ಬರೀ ದಂಡ ಕಟ್ಟಿ ಮುಗಿದ ಕೇಸು ಅದಕ್ಕೆ ಅಡ್ಡ ಬರುವುದಿಲ್ಲ. ಕೋರ್ಟಿನಲ್ಲಿ ನೇತಾಡುತ್ತಿರುವ ಕೇಸು ಬರುತ್ತದೆ. ಹಾಗಾಗಿ ಕೋರ್ಟಿಗೆ ಹೋಗದೆ ತಪ್ಪಿಸಿಕೊಂಡು ಓಡಾಡಬೇಡಿ, ವಾರಂಟ್ ಬಂದರೆ ಇನ್ನೂ ರಗಳೆ.

ನಿಮ್ಮ ರೀಡಿಂಗ್ 35, 40ರ ಆಸುಪಾಸಿನಲ್ಲಿದ್ದರೆ, ಅಥವಾ ಚೀಟಿಯಲ್ಲಿ ಹೆಸರು, ಸಮಯ ಏನಾದರೂ ಹೆಚ್ಚುಕಮ್ಮಿ ಇದ್ದರೆ, ತಲೆ ಆಡಿಸುವ ಮೊದಲು ಒಬ್ಬ ವಕೀಲರಿಗೆ ತೋರಿಸಿ. ಅವರ ಫೀಸು ದಂಡಕ್ಕಿಂತ ಜಾಸ್ತಿ ಆಗಬಹುದು, ಆದರೂ ತೋರಿಸಿ. ಒಪ್ಪಿಕೊಳ್ಳುವುದೇ ಆದರೆ ಆದೇಶದ ದೃಢೀಕೃತ ಪ್ರತಿ ಅವತ್ತೇ ಅರ್ಜಿ ಹಾಕಿ ತೆಗೆದುಕೊಳ್ಳಿ. ನಮ್ಮ ಭಾವ ರಸೀದಿಯನ್ನೂ ಬಿಸಾಕಿದ್ದರು. ಮೂರು ವರ್ಷ ಬಿಟ್ಟು ವೀಸಾ ಇಂಟರ್‌ವ್ಯೂಗೆ ಕಾಗದ ಬೇಕಾದಾಗ ಕೇಸ್ ನಂಬರೂ ಗೊತ್ತಿರಲಿಲ್ಲ. ರೆಕಾರ್ಡ್ ರೂಮಿಗೆ ನಾಲ್ಕು ಸಲ ಹೋಗಿಬಂದೆವು.